ಒಂಟಿ ಎಕ್ಕ

ಇವತ್ತು ಒಮಾಹಾ ಅನ್ನೋ ಪೋಕರ್ ಆಟ ಕಲಿಯೋಕೆ ಕೂತಿದ್ದೆ.
ಕೈಯಲ್ಲಿ ಇಸ್ಪೀಟ್ ಎಕ್ಕ. ಮೇಜಿನ ಮೇಲೆ ಬಿದ್ದ ಐದು ಎಲೆಗಳಲ್ಲಿ ನಾಲ್ಕು ಇಸ್ಪೀಟೇ!
ಒಳಗೊಳಗೇ ಕುಣಿದಾಡ್ತಾ, ಮುಖ ಮಾತ್ರ ಕಲ್ಲು ಮಾಡ್ಕೊಂಡು, ಉಳಿದಿದ್ದ ನಾಕಾರು ಚಿಪ್ಸ್ ಮುಂದಕ್ಕೆ ತಳ್ಳಿದೆ.

ಎಲೆ ಬಿಚ್ಚಿದಾಗ ಎದುರಿನವನು ಬಗ್ಗಿ ನೋಡಿದ.
"ಇನ್ನೊಂದು ಇಸ್ಪೀಟ್ ಎಲ್ಲಿ?"
ಇರಲಿಲ್ಲ.

ನನ್ನ ಹಳೇ ಪೋಕರ್ ಆಟ ಟೆಕ್ಸಾಸ್ ಹೋಲ್ಡೆಮ್ ಆಗಿದ್ರೆ ಅದು ಒಳ್ಳೇ ಫ್ಲಶ್, ಅಂದ್ರೆ ಒಂದೇ ಜಾತಿಯ ಐದು ಎಲೆ. ಕೈಯಲ್ಲಿ ಎರಡು, ಮೇಜಿನ ಮೇಲೆ ಐದು, ಏಳರಲ್ಲಿ ಯಾವ ಐದನ್ನಾದ್ರೂ ಆರಿಸ್ಕೋ. ಒಮಾಹಾದಲ್ಲಿ ಕೈಗೆ ನಾಲ್ಕು ಎಲೆ ಕೊಟ್ಟು ಆಸೆ ಹುಟ್ಟಿಸ್ತಾರೆ. ಆದ್ರೆ ಕೈಯಿಂದ ಎರಡೇ, ಮೇಜಿನಿಂದ ಮೂರೇ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ.

ನಿಯಮ ಗೊತ್ತಿರಲಿಲ್ಲ ಅಂತಲ್ಲ ಮಾರಾಯ್ರೆ. ಆಟ ಶುರುವಾಗೋ ಮುಂಚೆ ಅದನ್ನ ಜೋರಾಗಿ ಓದಿ ಹೇಳಿದ್ದೇ ನಾನು! ಎಕ್ಕ ಕಂಡ ಕೂಡ್ಲೇ ತಲೆ ಹಳೇ ಆಟಕ್ಕೆ ಓಡಿಹೋಯ್ತು. ಹೊಸದು ತಲೆಗೆ ಹತ್ತಿದೆ, ಹಳೇದು ಇಳಿದಿಲ್ಲ, ಅಷ್ಟೇ.

ಶಾರ್ಟ್ ಡೆಕ್ ಅಂತ ಇನ್ನೊಂದಿದೆ. 2ರಿಂದ 5ರವರೆಗಿನ ಎಲೆ ಕಿತ್ತುಹಾಕಿ 36ರಲ್ಲೇ ಆಟ. ಒಂದೊಂದು ಜಾತಿಗೆ ಒಂಬತ್ತೇ ಎಲೆ, ಹಾಗಾಗಿ ಫ್ಲಶ್ ಬೀಳೋದೇ ಅಪರೂಪ. ಸಾಮಾನ್ಯವಾಗಿ ಅಲ್ಲಿ ಫುಲ್ ಹೌಸನ್ನೂ (ಒಂದೇ ಬೆಲೆಯ ಮೂರು ಎಲೆ, ಜೊತೆಗೆ ಇನ್ನೊಂದು ಜೋಡಿ) ಫ್ಲಶ್ ಹೊಡೆಯುತ್ತೆ. ನನ್ನಂಥವರಿಗೆ ಇನ್ನೊಂದು ಗುಂಡಿ.

ನಾಳೆ ರಾಝ್ ಅನ್ನೋ ಇನ್ನೊಂದು ಪೋಕರ್ ಆಡೋಣ ಅಂತಿದಾರೆ. ಅಲ್ಲಿ ಎಲ್ಲಕ್ಕಿಂತ ಸಣ್ಣ ಕೈಗೇ ಗೆಲುವು, ಎಕ್ಕ-2-3-4-5 ಬಂದ್ರೆ ಅದೇ ಸಾಮ್ರಾಟ.
ರಾಜನ ಜೋಡಿ ಬಂದ್ರೆ ಹಿಗ್ಗಬಾರದು ಅಂತ ಈಗಿಂದ್ಲೇ ನನ್ನ ಮುಖಕ್ಕೆ ಪಾಠ ಹೇಳ್ತಿದೀನಿ.