ಪ್ರಾಕ್ಟೀಸಿಗೆ ಯಾವ ಚೆಂಡು?

ಭಾನುವಾರ ಲೆದರ್ ಬಾಲ್ ಮ್ಯಾಚ್ ಇಟ್ಟುಕೊಂಡು ಶನಿವಾರದವರೆಗೂ ಟೆನಿಸ್ ಬಾಲಿನಲ್ಲಿ ಆಡಿದರೆ ಏನಾಗುತ್ತದೆಂದು ಕಾರವಾರದ ಹುಡುಗರಿಗೆ ಹೇಳಿಕೊಡಬೇಕಿಲ್ಲ. ಆನ್‌ಲೈನ್ ಗಾಲ್ಫಿನಲ್ಲಿ ಮಾತ್ರ ಅದೇ ತಪ್ಪನ್ನು ಬಹಳ ಮಂದಿ ಮಾಡುತ್ತಾರೆ. ಆಡಿದಂತೆ ಸವೆದು ಮುಗಿಯುವ ದುಬಾರಿ ಚೆಂಡು ಉಳಿಯಲಿ ಎಂದು ಪುಕ್ಕಟೆ ಚೆಂಡಿನಲ್ಲಿ ಅಭ್ಯಾಸ, ಟೂರ್ನಮೆಂಟಿಗೆ ಬೇರೆಯದು.

ವರ್ಲ್ಡ್ ಗಾಲ್ಫ್ ಟೂರ್‌ನಂಥ ಮೀಟರ್ ಆಟದಲ್ಲಿ (ಪರದೆಯಲ್ಲಿ ಓಡುವ ಮೀಟರ್ ಗೆರೆಗೆ ಬಂದಾಗ ಬೆರಳು ಒತ್ತಿ ಹೊಡೆಯುವ ಆಟ) ಚೆಂಡು ಬದಲಾದರೆ ದೂರ, ಸ್ಪಿನ್ನಿನ ಜತೆ ಮೀಟರಿನ ವೇಗವೂ ಬದಲಾಗುತ್ತದೆ. ಮೊದಲು ನೋಡಬೇಕಾದ್ದು ಈ ವೇಗವನ್ನೇ. ಚೆಂಡು ಐದು ಗಜ ಹೆಚ್ಚು ಹೋದರೆ ಲೆಕ್ಕ ಹಾಕಿ ಅಷ್ಟು ಕಡಿಮೆ ಹೊಡೆಯಬಹುದು. ಬೆರಳಿಗೆ ಕೂತ ತಾಳವನ್ನು ಹಾಗೆ ತಿದ್ದಲಾಗದು. ವೇಗದ ಮೀಟರಿಗೆ ಒಗ್ಗಿದ ಬೆರಳು ನಿಧಾನದ ಮೀಟರಿನಲ್ಲಿ ಗೆರೆ ಬರುವ ಮೊದಲೇ ಒತ್ತಿಬಿಡುತ್ತದೆ, ಚೆಂಡು ಪಕ್ಕಕ್ಕೆ ಸರಿಯುತ್ತದೆ. ಸುಲಭದ ಪಟ್ (ಕುಳಿಗೆ ಉರುಳಿಸುವ ಹೊಡೆತ) ತಪ್ಪುವುದೂ ಬಹಳ ಸಲ ಇದರಿಂದಲೇ. ಪಂದ್ಯದ ಚೆಂಡಿನಲ್ಲೇ ಅಭ್ಯಾಸ ಮಾಡಲು ಕೈಯಲ್ಲಿ ಕಾಯಿನ್ (ಆಟದೊಳಗಿನ ಹಣ) ಇಲ್ಲವೇ? ಅದೇ ಮೀಟರ್ ವೇಗದ ಅಗ್ಗದ ಚೆಂಡು ಹುಡುಕಿ. ದೂರ, ಸ್ಪಿನ್ ಕಡಿಮೆಯಿದ್ದರೂ ನಡೆಯುತ್ತದೆ. ಪುಕ್ಕಟೆ ಚೆಂಡು ಬಂಕರ್ (ಮರಳಿನ ಗುಂಡಿ) ಎಲ್ಲಿದೆ, ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಯಾವ ಕಡೆ ಇಳಿಜಾರು ಎಂದು ತಿಳಿಯುವ ಮೊದಲ ಒಂದೆರಡು ರೌಂಡಿಗೆ ಸಾಕು.

ಅಗ್ಗ ಎಂದರೆ ಚೆಂಡಿನ ಬೆಲೆಯಲ್ಲ, ಒಂದು ಹೋಲಿಗೆ (ಮೊದಲ ಹೊಡೆತದಿಂದ ಕುಳಿ ಸೇರುವವರೆಗಿನ ಆಟಕ್ಕೆ) ಬೀಳುವ ಖರ್ಚು. 90 ಕಾಯಿನ್ ಕೊಟ್ಟ ಚೆಂಡು 15 ಹೋಲ್ ಬಾಳಿದರೆ ಹೋಲಿಗೆ 6. 50ರ ಚೆಂಡು ಐದೇ ಹೋಲಿಗೆ ಮುಗಿದರೆ ಹೋಲಿಗೆ 10.

ಎರಡು ಚೆಂಡು ಹೋಲಿಸುವಾಗ ಮಟ್ಟಸವಾದ ಒಂದೇ ಹೋಲ್, ಒಂದೇ ಕ್ಲಬ್ (ಹೊಡೆಯುವ ಕೋಲು), ಪೂರ್ತಿ ಪವರ್ ಇರಲಿ. ಗಾಳಿ ಗಂಟೆಗೆ 3 ಮೈಲಿ ದಾಟದಿರಲಿ. ತಲಾ ಹತ್ತು ಶಾಟ್ ಹೊಡೆದು, ಗೆರೆಗೆ ಸರಿಯಾಗಿ ಬಿದ್ದವನ್ನು ಮಾತ್ರ ಬರೆದುಕೊಳ್ಳಿ. ಬಿದ್ದ ದೂರ ಬೇರೆ, ಉರುಳಿದ ದೂರ ಬೇರೆ ಬರೆಯಬೇಕು. ಒಟ್ಟು ಎರಡೂ 155 ಗಜವೇ ಆಗಿದ್ದರೂ, ಒಂದು 145ಕ್ಕೆ ಬಿದ್ದು 10 ಗಜ ಉರುಳಿರಬಹುದು, ಇನ್ನೊಂದು 152ಕ್ಕೆ ಬಿದ್ದು ಮೂರೇ ಗಜ. ಮುಂದಿನ ಬಂಕರ್ 140ರಿಂದ 148ರವರೆಗೆ ಇದ್ದರೆ ಮೊದಲನೆಯದು ಮರಳಲ್ಲಿ ಹೂತಿರುತ್ತದೆ.

ಗಾಲ್ಫ್ ಕ್ಲ್ಯಾಶ್ ಎಂಬ ಇನ್ನೊಂದು ಆನ್‌ಲೈನ್ ಆಟದಲ್ಲಿ ಎಚ್ಚರ ಬೇರೆ ಕಡೆ ಬೇಕು. ಅಲ್ಲಿ ಕೆಲವು ಚೆಂಡುಗಳಿಗೆ ಗಾಳಿ ತಡೆಯುವ ಗುಣವಿದೆ. ಆ ಚೆಂಡಿನಲ್ಲಿ ಗಾಳಿಯ ಲೆಕ್ಕ ಕಲಿತು ಪಂದ್ಯದಲ್ಲಿ ಸಾದಾ ಚೆಂಡು ತೆಗೆದರೆ ಗುರಿ ಸರಿಸಿದ್ದು ಸಾಲುವುದಿಲ್ಲ. ಗಾಳಿ ಜೋರಾದಷ್ಟೂ ತಪ್ಪು ದೊಡ್ಡದು.

ಮತ್ತೆ ಮೀಟರ್ ಆಟಕ್ಕೆ ಬಂದರೆ, ರೌಂಡಿನ ಮಧ್ಯೆ ಚೆಂಡು ಮುಗಿದು ಆಟ ತಾನೇ ಪುಕ್ಕಟೆ ಚೆಂಡಿಗೆ ಹೋದರೆ ಮೀಟರ್ ಒಮ್ಮೆಲೇ ಜೋರಾಗಿ ಓಡತೊಡಗುತ್ತದೆ, ಆದ್ದರಿಂದ ಶುರು ಮಾಡುವ ಮೊದಲೇ ಎಷ್ಟು ಉಳಿದಿದೆ ನೋಡಿ. ಮಳೆಗಾಲದಲ್ಲಿ ಶಿರಸಿ ಕಡೆ ಕರೆಂಟ್ ಹೋದಾಗ ಫೋನ್ ಬ್ಯಾಟರಿ ಸೇವರ್‌ನಲ್ಲಿರುತ್ತದೆ. ಮೀಟರ್ ಜರ್ಕ್ ಹೊಡೆಯುತ್ತದೆ. ಆ ಹೊತ್ತಿನ ಅಂಕಿಗಳನ್ನು ಚೆಂಡಿನ ಲೆಕ್ಕಕ್ಕೆ ಸೇರಿಸಬೇಡಿ.