ಓಬವ್ವನ ಕಿಂಡಿಗೆ ಫಲಕ ಬೇಕಿರಲಿಲ್ಲ

ದಾವಣಗೆರೆಯಿಂದ ಬೆಳಗಿನ ಬಸ್ಸು ಹಿಡಿದು ಅವ್ವ, ಮಗಳು, ನಾನು ಚಿತ್ರದುರ್ಗಕ್ಕೆ ಹೋಗಿದ್ದೆವು. ಕೋಟೆಯ ಚೆಂದ ಎಲ್ಲರಿಗೂ ಗೊತ್ತು. ಬಂದವರಿಗೆ ಅದರ ಕಥೆ ಎಷ್ಟು ಮುಟ್ಟುತ್ತದೆ ಅಂತ ಈ ಸಲ ಗಮನಿಸಬೇಕು ಅಂದುಕೊಂಡಿದ್ದೆ.

ಮೊದಲು ಸಿಡಿಮದ್ದು ಬೀಸುವ ಕಲ್ಲುಗಳು. ಗುಂಡಿಯೊಳಗೆ ನಾಲ್ಕು ಭಾರಿ ಬೀಸುಕಲ್ಲು. ಮಗಳು ಫಲಕ ಓದಿ, "ಇಷ್ಟು ದೊಡ್ಡದನ್ನ ತಿರುಗಿಸ್ತಿದ್ದಿದ್ದು ಯಾರಮ್ಮಾ?" ಅಂದಳು. ಉತ್ತರ ಅದರಲ್ಲಿ ಇರಲಿಲ್ಲ. ಯಾರಿಗಾದರೂ ಮೊದಲು ಹುಟ್ಟುವ ಪ್ರಶ್ನೆ ಅದೇ ಅಲ್ವಾ? ಬರೀ ಮಾಹಿತಿ ಕೊಟ್ಟರೆ ವಿವರಿಸಿದ ಹಾಗಾಗುವುದಿಲ್ಲ ಎಂದು ಇಂಥ ತಾಣಗಳನ್ನು ಜನರಿಗೆ ವಿವರಿಸುವುದು ಹೇಗೆ ಅಂತ ಪುಸ್ತಕ ಬರೆದ ಅಮೆರಿಕದ ಫ್ರೀಮನ್ ಟಿಲ್ಡನ್ 1957ರಲ್ಲೇ ಹೇಳಿದ್ದರು.

ಮೇಲೆ ಗೋಪಾಲಸ್ವಾಮಿ ಹೊಂಡದ ಹತ್ತಿರ ಒಬ್ಬ ಗೈಡ್ ಸಿಕ್ಕರು. ದಡದಲ್ಲಿ ಕೂರಿಸಿ, "ಅಮ್ಮಾ, ಬೇಸಿಗೆಯಲ್ಲಿ ನೀರಿಗೆ ಏನು ಮಾಡ್ತೀರಿ?" ಅಂತ ಅವ್ವನನ್ನೇ ಕೇಳಿದರು. ಬೋರು, ಟ್ಯಾಂಕರು ಅಂತ ಅವ್ವ ಶುರು ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡು, ಆಮೇಲೆ ಕೈ ತೋರಿಸುತ್ತಾ ಹೋದರು. ಬಂಡೆಗಳ ಮೇಲೆ ಬಿದ್ದ ಮಳೆ ಈ ಹೊಂಡಕ್ಕೆ. ಇದು ತುಂಬಿ ಹರಿದರೆ ಅಕ್ಕತಂಗಿಯರ ಹೊಂಡಕ್ಕೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆಹೊಂಡ. ಮಳೆ ಕಡಿಮೆ ಇರುವ ಈ ಸೀಮೆಯಲ್ಲಿ, ಮುತ್ತಿಗೆ ಬಿದ್ದಾಗ ಒಳಗಿನ ಜನ ಹೇಗೆ ತಾಳಿಕೊಂಡರು ಅಂತ ನನಗೆ ಆಗ ಹೊಳೆಯಿತು. ಎಷ್ಟು ಸಲ ಬಂದಿದ್ದೇನೆ, ಹೊಂಡದ ಮುಂದೆ ಫೋಟೊ ತೆಗೆಸಿಕೊಂಡು ಹೋಗಿದ್ದೇನೆ! ನೀರು ಹರಿಯುವ ದಾರಿಯ ಒಂದು ದೊಡ್ಡ ಚಿತ್ರ ಅಲ್ಲಿ ಬೇಕೇ ಬೇಕು. ಎಲ್ಲರಿಗೂ ಅಂಥ ಗೈಡ್ ಸಿಗುವುದಿಲ್ಲ.

ಓಬವ್ವನ ಕಿಂಡಿಯಲ್ಲಿ ಯಾರೂ ಏನೂ ಹೇಳಬೇಕಾಗಲಿಲ್ಲ. ಹೈದರಾಲಿಯ ಸೈನಿಕರು ನುಸುಳಿದರು ಅನ್ನುವ ಆ ಸಂದಿಯಲ್ಲಿ ಒಬ್ಬೊಬ್ಬರೇ ಬಗ್ಗಿ ತೂರಬೇಕು. ಮಗಳು ತೂರಿದಳು. ಮೊದಲು ಬರೀ ತಲೆ ಕಾಣಿಸಿತು. ಈಚೆ ನಿಂತಿದ್ದ ಅವ್ವ ತನಗೇ ಗೊತ್ತಿಲ್ಲದೆ ಎರಡೂ ಕೈ ಮೇಲೆತ್ತಿದ್ದಳು, ಒನಕೆ ಹಿಡಿದ ಹಾಗೆ. "ನೀರಿಗೆ ಅಂತ ಬಂದವಳು ಕಣೇ," ಅಂದಳು. ದನಿ ನಡುಗುತ್ತಿತ್ತು.

ಮಧ್ಯಾಹ್ನ ಚಂದ್ರವಳ್ಳಿ. ಭೈರವೇಶ್ವರ ಗುಡಿ ಹತ್ತಿರದ ಬಂಡೆಯ ಮೇಲೆ ಕದಂಬ ರಾಜ ಮಯೂರಶರ್ಮನ ಶಾಸನ ಇದೆ. ಅದು ಹೇಳುವುದೂ ಕೆರೆ ಕಟ್ಟಿಸಿದ ವಿಷಯವೇ. ಕೋಟೆಯ ಹೊಂಡಕ್ಕೂ ಈ ಕೆರೆಗೂ ನಡುವೆ ಸಾವಿರಕ್ಕೂ ಜಾಸ್ತಿ ವರ್ಷ. ಎರಡನ್ನೂ ಜೋಡಿಸಿ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ರಾತ್ರಿ ಊಟಕ್ಕೆ ಕೂತಾಗ ಮಗಳು ನಾಲ್ಕು ಲೋಟ ಮೆಟ್ಟಿಲಿನ ಹಾಗೆ ಜೋಡಿಸಿ, ಮೇಲಿನದಕ್ಕೆ ನೀರು ಸುರಿಯುತ್ತಾ ಅವರಪ್ಪನಿಗೆ ಹೊಂಡಗಳ ಹೆಸರು ಹೇಳುತ್ತಿದ್ದಳು.