ಕೊನೆಗಾರನ ಕತ್ತು

14 ನವೆಂಬರ್ 2024, ಗುರುವಾರ

ಇಂದು ಮಧ್ಯಾಹ್ನದವರೆಗೂ ಒಂದೇ ಆಪರೇಷನ್. ರೋಗಿ ಅಡಿಕೆ ಕೊನೆಗಾರ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು, ನಲವತ್ತರ ಆಸುಪಾಸು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಹತ್ತಿದ್ದಾಗ ಪಾಚಿಗಟ್ಟಿದ ಮರದಿಂದ ಜಾರಿ ಬಿದ್ದವರು. ಪ್ರಜ್ಞೆ ತಪ್ಪಿರಲಿಲ್ಲ, ಕೈಕಾಲು ಆಡುತ್ತಿದ್ದವು. ಹಾಗಾಗಿ ಜೊತೆಯವರು ಎಬ್ಬಿಸಿ, ನೀರು ಕುಡಿಸಿ, ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೊರಟಿದ್ದಾರೆ. ಮೊದಲು ತೋರಿಸಿದ ಕಡೆ ಪಕ್ಕದಿಂದ ಒಂದೇ ಒಂದು ಎಕ್ಸ್-ರೇ ತೆಗೆದು, ಮೂಳೆಗೆ ಏನೂ ಆಗಿಲ್ಲವೆಂದು ನೋವಿನ ಮಾತ್ರೆ ಕೊಟ್ಟಿದ್ದಾರೆ. ಆಮೇಲೆ ಎಣ್ಣೆ ತಿಕ್ಕಿಸುವುದೂ ನಡೆದಿದೆ. ದೀಪಾವಳಿ ಹೊತ್ತಿಗೆ ಬೆರಳುಗಳು ಜೋಮು ಹಿಡಿದು, ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದೆ ಹೋದಾಗ ನಮ್ಮಲ್ಲಿಗೆ ಬಂದರು.

ಪರೀಕ್ಷೆಯ ಮೇಜಿನ ಮೇಲೆ ಮಲಗಿದ್ದವರು ಏಳುವಾಗ ಒಂದು ಅಂಗೈಯನ್ನು ಗಲ್ಲಕ್ಕೂ ಇನ್ನೊಂದನ್ನು ಹಿಂದಲೆಗೂ ಕೊಟ್ಟು, ತಲೆಯನ್ನು ತಾವೇ ಎತ್ತಿಕೊಂಡು ಎದ್ದರು. ಯಾರೂ ಹೇಳಿಕೊಟ್ಟದ್ದಲ್ಲ. ವೈದ್ಯಕೀಯದಲ್ಲಿ ಇದನ್ನು ರಸ್ಟ್ ಲಕ್ಷಣ ಎನ್ನುತ್ತಾರೆ. ಇದನ್ನು ಕಂಡ ಮೇಲೆ ನಾನು ರೋಗಿಯನ್ನು ಒಂದು ಹೆಜ್ಜೆಯೂ ನಡೆಸುವುದಿಲ್ಲ. ಗಟ್ಟಿ ಕಾಲರ್ ಹಾಕಿ, ಅಲ್ಲಿಂದಲೇ ಸ್ಟ್ರೆಚರಿನಲ್ಲಿ ಸಿ.ಟಿ. ಸ್ಕ್ಯಾನಿಗೆ ಕಳಿಸಿದೆ.

ಕುತ್ತಿಗೆಯ ಏಳು ಮೂಳೆಗಳಲ್ಲಿ ಮೇಲಿನೆರಡರ ರಚನೆಯೇ ಬೇರೆ. ಮೊದಲನೆಯದು, ಅಟ್ಲಾಸ್, ಬರೀ ಬಳೆ. ಎರಡನೆಯದಾದ ಆಕ್ಸಿಸ್‌ನಿಂದ ಓಡೊಂಟಾಯ್ಡ್ ಎಂಬ ಮೊಳೆ ಮೇಲೆದ್ದು ಆ ಬಳೆಯೊಳಗೆ ನಿಂತಿರುತ್ತದೆ. ಬೀಸುವ ಕಲ್ಲಿನ ನಡುಗೂಟದ ಸುತ್ತ ಮೇಲಿನ ಕಲ್ಲು ತಿರುಗುವಂತೆ, ಈ ಮೊಳೆಯ ಸುತ್ತ ಅಟ್ಲಾಸ್ ತಲೆಯನ್ನು ಹೊತ್ತು ತಿರುಗುತ್ತದೆ. ನಾವು ಕತ್ತು ಹೊರಳಿಸುವುದರಲ್ಲಿ ಸುಮಾರು ಅರ್ಧ ಪಾಲು ಈ ಒಂದೇ ಕೀಲಿನದು. ಬಳೆಯೊಳಗಿನ ಜಾಗದಲ್ಲಿ ಮೂರನೆಯ ಒಂದು ಭಾಗ ಮೊಳೆಗೆ, ಒಂದು ಭಾಗ ಬೆನ್ನುಹುರಿಗೆ, ಉಳಿದ ಒಂದು ಭಾಗ ಖಾಲಿ. ಆ ಖಾಲಿ ಜಾಗವೇ ಈ ಮನುಷ್ಯನನ್ನು ಇಷ್ಟು ದಿನ ಉಳಿಸಿದೆ. ಉಸಿರಾಟ ನಡೆಸುವ ವಪೆಯ ನರಗಳು ಇದಕ್ಕಿಂತ ಕೆಳಗೆ, ಮೂರರಿಂದ ಐದನೆಯ ಮಟ್ಟದಲ್ಲಿ ಹೊರಡುತ್ತವೆ. ಬೆನ್ನುಹುರಿ ಇಲ್ಲಿಯೇ ಜಜ್ಜಿಹೋದರೆ ಉಸಿರೇ ನಿಲ್ಲುತ್ತದೆ. ಆ ಬೈಕ್ ಪ್ರಯಾಣವನ್ನು ನೆನೆದರೆ ಈಗಲೂ ನನಗೆ ಎದೆ ನಡುಗುತ್ತದೆ. ಬಿದ್ದವರನ್ನು ಎಬ್ಬಿಸಿ ಕೂರಿಸಬಾರದು, ತಲೆಯನ್ನೂ ಮೈಯನ್ನೂ ಒಂದೇ ನೇರದಲ್ಲಿ ಹಿಡಿದು ಹಲಗೆಯ ಮೇಲೆ ಮಲಗಿಸಿಯೇ ಸಾಗಿಸಬೇಕು ಎಂಬುದನ್ನು ತೋಟ ತೋಟದಲ್ಲೂ ಹೇಳಿಕೊಡಬೇಕಾಗಿದೆ.

ಸ್ಕ್ಯಾನಿನಲ್ಲಿ ಮೊಳೆ ಬುಡದಲ್ಲೇ ಮುರಿದಿತ್ತು. ಆ್ಯಂಡರ್ಸನ್ ಮತ್ತು ಡಿ'ಅಲೊಂಜೊ 1974ರಲ್ಲಿ ಮಾಡಿದ ಮೂರು ಬಗೆಗಳ ವಿಂಗಡಣೆಯಲ್ಲಿ ಇದು ಎರಡನೆಯ ಬಗೆ, ತಾನಾಗಿ ಕೂಡಿಕೊಳ್ಳದೆ ಅತಿ ಹೆಚ್ಚು ಕಾಡುವುದೂ ಇದೇ. ಮುರಿದ ತುಂಡು ಅಟ್ಲಾಸ್ ಜೊತೆಗೆ ಹಿಂದಕ್ಕೆ ಸರಿದಿತ್ತು, ಮುರಿದ ಅಂಚುಗಳು ನುಣುಪಾಗಿದ್ದವು.

ಆ ನುಣುಪು ಅಂಚುಗಳನ್ನು ಕಂಡಾಗ ನನಗಾದ ಸಂಕಟ ಹೇಳಲಾರದ್ದು. ಬಿದ್ದ ವಾರದಲ್ಲೇ ಸ್ಕ್ಯಾನ್ ಆಗಿದ್ದರೆ, ಮುರಿತದ ಓರೆ ಸರಿಯಿದ್ದು, ಮೊಳೆಯನ್ನು ಹಿಡಿದಿಡುವ ಅಡ್ಡಪಟ್ಟಿ ಹರಿಯದೆ ಉಳಿದಿದ್ದರೆ, ಕುತ್ತಿಗೆಯ ಮುಂಭಾಗದಿಂದ ಒಂದು ಸ್ಕ್ರೂ ಏರಿಸಿ ಮೊಳೆಯನ್ನು ಅದರ ಬುಡಕ್ಕೇ ಬಿಗಿಯಬಹುದಿತ್ತು. 1980ರ ದಶಕದ ಆರಂಭದಲ್ಲಿ ವಿಯೆನ್ನಾದ ಬ್ಯೋಲರ್ ಬರೆದು ತಿಳಿಸಿದ ವಿಧಾನ ಅದು. ಅದರಲ್ಲಿ ಕೀಲು ಕೀಲಾಗಿಯೇ ಉಳಿಯುತ್ತದೆ, ಕತ್ತು ತಿರುಗುತ್ತದೆ. ತಿಂಗಳುಗಟ್ಟಲೆ ಕಳೆದು ಅಂಚು ಸವೆದ ಮೇಲೆ ಆ ಸ್ಕ್ರೂ ಹಿಡಿಯುವುದಿಲ್ಲ. ಇನ್ನು ಉಳಿದದ್ದು ಹಿಂದಿನಿಂದ ಒಂದನೆಯ ಮತ್ತು ಎರಡನೆಯ ಮೂಳೆಗಳನ್ನು ಒಂದಾಗಿಸುವ ದಾರಿ. ಬಾಯಿ ತೆರೆಸಿ ತೆಗೆಯುವ ಒಂದು ಎಕ್ಸ್-ರೇ ಅಂದೇ ಆಗಿದ್ದರೆ ಬಹುಶಃ ಮುರಿತ ಕಾಣುತ್ತಿತ್ತು. (ಮನೆಯಲ್ಲೇ ಎಡವಿ ಬಿದ್ದು ಇದೇ ಮೂಳೆ ಮುರಿದುಕೊಂಡು ಬರುವ ಎಂಬತ್ತು ದಾಟಿದ ಅಜ್ಜ ಅಜ್ಜಿಯರ ವಿಚಾರ ಬೇರೆ. ಅವರಲ್ಲಿ ಕೆಲವರಿಗೆ ಕಾಲರ್ ಒಂದೇ ಸಾಕೆಂದು ನಿಲ್ಲಿಸುತ್ತೇವೆ. ತಲೆಬುರುಡೆಗೆ ಉಂಗುರ ಬಿಗಿದು ಎದೆಕವಚಕ್ಕೆ ಜೋಡಿಸುವ ಹೇಲೋ ಅವರಿಗೆ ನ್ಯುಮೋನಿಯಾ ತರುವುದೇ ಹೆಚ್ಚು.)

ನಿನ್ನೆ ಸಂಜೆ ಅವರನ್ನೂ ಅವರ ಹೆಂಡತಿಯನ್ನೂ ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಎಡಕ್ಕೂ ಬಲಕ್ಕೂ ಕತ್ತು ಈಗಿನಷ್ಟು ಹೊರಳುವುದಿಲ್ಲ, ಅರ್ಧಕ್ಕೆ ಇಳಿಯುತ್ತದೆ, ಹಿಂದಿನಿಂದ ಯಾರಾದರೂ ಕರೆದರೆ ಭುಜವನ್ನೂ ತಿರುಗಿಸಬೇಕು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಲೆ ನೋಡಲು ಆಗುತ್ತದೆಯೇ, ಡಾಕ್ಟರೇ?" ಎಂದರು.

ಆಗುತ್ತದೆ. ತಲೆ ಎತ್ತುವ, ತಗ್ಗಿಸುವ ಕೆಲಸ ಬಹುಪಾಲು ನಡೆಯುವುದು ತಲೆಬುರುಡೆಗೂ ಅಟ್ಲಾಸ್‌ಗೂ ನಡುವಿನ ಕೀಲಿನಲ್ಲಿ ಮತ್ತು ಕುತ್ತಿಗೆಯ ಕೆಳಭಾಗದಲ್ಲಿ. ಅವೆರಡನ್ನೂ ನಾವು ಮುಟ್ಟುವುದಿಲ್ಲ. ಸ್ಕ್ರೂಗಳನ್ನು ತಲೆಬುರುಡೆಯವರೆಗೆ ಒಯ್ಯದೆ ಎರಡೇ ಮೂಳೆಗೆ ನಿಲ್ಲಿಸಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಇಂದಿನ ಕೆಲಸದಲ್ಲಿ ಮೊದಲ ಗೆಲುವು ನಮ್ಮ ಅರಿವಳಿಕೆ ತಜ್ಞೆಯದು. ಕತ್ತನ್ನು ಹಿಂದಕ್ಕೆ ಬಾಗಿಸುವಂತಿಲ್ಲವಾದ್ದರಿಂದ, ರೋಗಿ ಎಚ್ಚರವಿರುವಾಗಲೇ ಗಂಟಲನ್ನು ಮರಗಟ್ಟಿಸಿ, ಮೂಗಿನ ಮೂಲಕ ಬಾಗುವ ದುರ್ಬೀನು ಇಳಿಸಿ ಉಸಿರು ಕೊಳವೆ ಕೂರಿಸಿದರು. ಆಮೇಲೆ ಕೈಕಾಲು ಆಡಿಸಿ ತೋರಿಸಲು ಹೇಳಿ, ಆಡಿದ್ದನ್ನು ಕಂಡ ಮೇಲೆಯೇ ನಿದ್ರೆ ಬರಿಸಿದ್ದು. ಬೋರಲು ಹೊರಳಿಸುವಾಗ ತಲೆ ನನ್ನ ಕೈಯಲ್ಲಿತ್ತು.

ಅಟ್ಲಾಸ್‌ನ ಹಿಂಗಮಾನಿನ, ಅಂದರೆ ಹಿಂಭಾಗದ ಕಮಾನಿನ, ಮೇಲಂಚಿನಲ್ಲಿ ಮಿದುಳಿಗೆ ರಕ್ತ ಒಯ್ಯುವ ವರ್ಟೆಬ್ರಲ್ ಅಪಧಮನಿ ತೋಡಿನಲ್ಲಿ ಹರಿಯುತ್ತದೆ. ನಡುಗೆರೆಯಿಂದ ತೀರ ಆಚೆ ಅಲ್ಲಿ ಉಪಕರಣ ಹೋಗಬಾರದು. ಕಮಾನಿನ ಕೆಳಗೆ ಎರಡನೆಯ ನರದ ಗಂಟು, ಅದರ ಸುತ್ತ ಅಭಿಧಮನಿಗಳ ಗೊಂಚಲು. ಮುಟ್ಟಿದರೆ ಸಾಕು, ಕೊಯ್ದ ಜಾಗವೇ ತುಂಬುವಷ್ಟು ನೆತ್ತರು. ಇಂದೂ ಹಾಗೆಯೇ ಆಯಿತು. ಜಿಲೆಟಿನ್ ಸ್ಪಂಜು ಒತ್ತಿಟ್ಟು, ಮಾತಾಡದೆ ಕಾದೆವು. ನಿಂತ ಮೇಲೆ ನರವನ್ನು ಮೆಲ್ಲನೆ ಕೆಳಕ್ಕೆ ಸರಿಸಿದಾಗ ಅಟ್ಲಾಸ್‌ನ ಪಕ್ಕದ ದಪ್ಪ ಭಾಗ ಕಂಡಿತು. ಅಲ್ಲಿ ಡ್ರಿಲ್ ಹಿಡಿದರೆ ಮೇಲಿನ ಗಟ್ಟಿ ಪದರ ದಾಟಿ ಒಳಗಿನ ಮೆದು ಮೂಳೆಗೆ ಇಳಿಯುವ ಗಳಿಗೆ ಬೆರಳಿಗೇ ತಿಳಿಯುತ್ತದೆ. ಗುಂಡುತುದಿಯ ಕಡ್ಡಿಯಿಂದ ರಂಧ್ರದ ನಾಲ್ಕು ಗೋಡೆ, ಒಂದು ತಳ ಮುಟ್ಟಿ ನೋಡಿ, ಎಲ್ಲೂ ಒಡೆದಿಲ್ಲವೆಂದು ಖಾತ್ರಿಯಾದ ಮೇಲೆ 3.5 ಮಿಲಿಮೀಟರ್ ದಪ್ಪದ ಟೈಟಾನಿಯಂ ಸ್ಕ್ರೂ. ಆಕ್ಸಿಸ್‌ನ ಎಡಗಡೆ ಅಪಧಮನಿ ತೀರ ಮೇಲೆ ಹತ್ತಿ ಮೂಳೆಯ ದಾರಿಯನ್ನು ಕಿರಿದು ಮಾಡಿದ್ದು ಆಂಜಿಯೋಗ್ರಾಮಿನಲ್ಲೇ ಗೊತ್ತಾಗಿತ್ತು. ಆದ್ದರಿಂದ ಆ ಬದಿಯ ಸ್ಕ್ರೂವನ್ನು ಹಿಂಗಮಾನಿನ ದಳದೊಳಗೆ ಅಡ್ಡಲಾಗಿ ಕೂರಿಸಿದೆವು.

ಸ್ಕ್ರೂಗಳು ಬೇರೆ ಬೇರೆ ಮೂಳೆಯಲ್ಲಿರುವುದೇ ಈ ವಿಧಾನದ ಜಾಣ್ಮೆ. ಅವುಗಳನ್ನೇ ಹಿಡಿದು, ಹಿಂದಕ್ಕೆ ಸರಿದ ಅಟ್ಲಾಸನ್ನು ಆಪರೇಷನ್ ನಡುವೆಯೇ ಎಕ್ಸ್-ರೇ ತೋರಿಸುವ ಸಿ-ಆರ್ಮ್ ಯಂತ್ರದ ಪರದೆ ನೋಡುತ್ತ ಮುಂದಕ್ಕೆ ತಂದು, ಸರಳುಗಳಿಂದ ಬಿಗಿಯಬಹುದು. ಶಸ್ತ್ರವೈದ್ಯ ಗ್ಯಾಲಿ 1939ರಲ್ಲಿ ತಂತಿ ಸುತ್ತಿ ಕಟ್ಟುತ್ತಿದ್ದಾಗ ಇದು ಸಾಧ್ಯವಿರಲಿಲ್ಲ. ಆಮೇಲೆ ಬಂದ ಶಸ್ತ್ರವೈದ್ಯ ಮ್ಯಾಗರ್ಲ್ ಅವರ ಸ್ಕ್ರೂ ಎರಡೂ ಮೂಳೆಗಳನ್ನು ಒಟ್ಟಿಗೆ ಕೊರೆದು ಸಾಗುವುದರಿಂದ ಮೂಳೆಗಳು ಮೊದಲೇ ಸಾಲಿಗೆ ಬಂದಿರಬೇಕು. ಪ್ರತ್ಯೇಕ ಸ್ಕ್ರೂಗಳ ದಾರಿಯನ್ನು ತೆರೆದವರು ಆಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿದ್ದ ಅತುಲ್ ಗೋಯಲ್. ಫಲಕ ಮತ್ತು ಸ್ಕ್ರೂ ಬಳಸಿದ ಅವರ ಲೇಖನ 1994ರಲ್ಲಿ ಪ್ರಕಟವಾಯಿತು. ಜರ್ಮನಿಯ ಹಾರ್ಮ್ಸ್ ಫಲಕದ ಬದಲು ಸರಳು ಬಳಸಿ ಬರೆದದ್ದು 2001ರಲ್ಲಿ. ಆದರೂ ಬಹುಕಾಲ ಇದಕ್ಕೆ ಹಾರ್ಮ್ಸ್ ಹೆಸರೊಂದೇ ನಡೆಯಿತು. ನಾನು ನನ್ನ ಕಿರಿಯರಿಗೆ ಗೋಯಲ್ ಹೆಸರನ್ನು ಮೊದಲು ಹೇಳಿಯೇ ಕಲಿಸುತ್ತೇನೆ.

ಲೋಹ ಹಿಡಿದಿಡುವುದು ಕೆಲವು ಕಾಲ ಮಾತ್ರ. ಕೀಲಿನ ಮೃದ್ವಸ್ಥಿಯನ್ನು ಕೆರೆದು ತೆಗೆದು, ಸೊಂಟದಿಂದ ತೆಗೆದ ಮೂಳೆಯ ಚೂರುಗಳನ್ನು ತುಂಬಿ ಮುಚ್ಚಿದೆವು. ಅದು ಬೆಸೆದುಕೊಂಡರೇನೇ ನಿಜವಾದ ಗುಣ.

ಸಂಜೆ ಹೋದಾಗ ಬೆರಳುಗಳನ್ನು ಮಡಚಿ ಬಿಚ್ಚಿ ತೋರಿಸಿದರು. ಹಿಂದಲೆ ಮರಗಟ್ಟಿದೆ ಎಂದರು, ನರ ಸರಿಸಿದ್ದರಿಂದ, ಇದು ನಿರೀಕ್ಷಿತವೇ. ಜೋಮು ಎಷ್ಟು ಇಳಿಯುತ್ತದೆಂದು ಈಗಲೇ ಹೇಳುವಂತಿಲ್ಲ. ನಾಳೆ ಸಿ.ಟಿ. ನೋಡಿ ಕಾಲರ್ ಹಾಕಿ ಕೂರಿಸಬೇಕು.

ಮರ ಹತ್ತುವುದು ಇನ್ನಿಲ್ಲ ಎಂಬುದನ್ನು ಅವರೇ ಹೇಳಿದರು. ನೆಲದಲ್ಲಿ ನಿಂತೇ ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯನ್ನು ಮೂಳೆ ಕೂಡಿದ್ದು ಸ್ಕ್ಯಾನಿನಲ್ಲಿ ಕಂಡ ಮೇಲೆ ಹಿಡಿಯಬಹುದು, ಅದಕ್ಕೆ ಬೇಕಾದದ್ದು ಮೇಲೆ ನೋಡುವ ಕತ್ತೇ ಎಂದೆ. ಅವರ ಹೆಂಡತಿ ವಾರ್ಡಿನ ಬಾಗಿಲಿಗೆ ಹೋಗಿ ತೋಟದ ಯಜಮಾನರಿಗೆ ಫೋನ್ ಮಾಡಿ, ದೋಟಿ ತರಬೇತಿ ಮುಂದಿನ ಸಲ ಯಾವಾಗ, ಹೆಸರು ಕೊಡುವುದು ಎಲ್ಲಿ ಎಂದು ವಿಚಾರಿಸುತ್ತಿದ್ದರು.